ಕೋಳಿ ಮರಿಯ ರಕ್ತಭೇದಿ: ಔಷಧ ಅಂಗಡಿಯಲ್ಲಿದೆ, ಮಾಹಿತಿ ಮಾತ್ರ ಗಡಿ ದಾಟಿಲ್ಲ

ಜತ್ತ: ತಾಲೂಕಿನ ಪೂರ್ವ ಭಾಗದ ಹಳ್ಳಿಗಳಲ್ಲಿ ಮಿರಗದ ಮಳೆ ಎರಡು ಸಲ ಹದವಾಗಿ ಬಿದ್ದರೆ ಗಂಡಸರು ಬಿತ್ತನೆಯ ಮಾತಿಗೆ ಕೂಡುತ್ತಾರೆ. ಅದೇ ವಾರ ಮನೆಯ ಹಿತ್ತಲಲ್ಲಿ ಇನ್ನೊಂದು ಲೆಕ್ಕ ಶುರುವಾಗಿರುತ್ತದೆ. ಹೇಂಟೆಯ ಹಿಂದೆ ಓಡಾಡಿಕೊಂಡಿದ್ದ ಹನ್ನೆರಡು ಮರಿಗಳಲ್ಲಿ ಮೊದಲು ಒಂದು ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿಯುತ್ತದೆ. ಮರುದಿನ ಮೂರು. ಹಿಕ್ಕಿಯಲ್ಲಿ ರಕ್ತ. ವಾರ ತುಂಬುವುದರೊಳಗೆ ಹೇಂಟೆಯ ಹಿಂದೆ ಉಳಿದಿದ್ದು ನಾಲ್ಕೋ ಐದೋ. ‘ಬ್ಯಾನಿ ಬಂದಿತ್ರಿ, ಹೋದವು’ ಎಂದು ಮನೆಯ ಹೆಣ್ಣುಮಗಳು ಕಸಬರಿಗೆ ಹಿಡಿಯುತ್ತಾಳೆ. ಮಾತು ಅಲ್ಲಿಗೆ ಮುಗಿಯಿತು.

ಅದು ಹಾಗೆ ಮುಗಿಯಬೇಕಾದ ಮಾತಲ್ಲ. ಆ ಬ್ಯಾನಿಗೆ ಹೆಸರಿದೆ, ಔಷಧವಿದೆ, ಬರದಂತೆ ತಡೆಯುವ ದಾರಿಯೂ ಇದೆ. ಕನ್ನಡದಲ್ಲಿ ರಕ್ತಭೇದಿ ಅಂತಾರೆ. ಮರಾಠಿಯಲ್ಲಿ ರಕ್ತೀ ಹಗವಣ. ಡಾಕ್ಟರ ಚೀಟಿಯಲ್ಲಿ ಕಾಕ್ಸಿಡಿಯೋಸಿಸ್. ಮೂರು ಹೆಸರು, ರೋಗ ಒಂದೇ. ಈ ಮೂರರಲ್ಲಿ ಒಂದನ್ನೂ ಸರಿಯಾಗಿ ಹೇಳಲು ಬಾರದೆ ಗಡಿಭಾಗದ ಎಷ್ಟೋ ಮನೆಗಳಲ್ಲಿ ಪ್ರತಿವರ್ಷ ಮರಿಗಳು ಸಾಯುತ್ತಿವೆ ಎಂಬುದೇ ಇಲ್ಲಿಯ ತಕರಾರು.

ಕೋಳಿ ಮರಿ ಸತ್ತರೆ ಅದೇನು ದೊಡ್ಡ ಸುದ್ದಿಯೇ ಎಂದು ಕೇಳುವವರು ಇರಬಹುದು. ಮಾಡಗ್ಯಾಳದ ಕುರಿ ಎಂದರೆ ಮಹಾರಾಷ್ಟ್ರಕ್ಕೆಲ್ಲ ಗೊತ್ತು. ಅದರ ಒಂದು ಮರಿಗೆ ಜುಲಾಬು ಹತ್ತಿದರೆ ಕುರುಬ ಹೆಗಲ ಮೇಲೆ ಹಾಕಿಕೊಂಡು ದವಾಖಾನೆಗೆ ಓಡುತ್ತಾನೆ. ಎಮ್ಮೆ ಮೇವು ಬಿಟ್ಟರೆ ಡಾಕ್ಟರ್ ಸಾಹೇಬರು ಮನೆ ಬಾಗಿಲಿಗೆ ಬರುತ್ತಾರೆ. ಕೋಳಿಯ ಪಾಲಿಗೆ ಆ ಭಾಗ್ಯವಿಲ್ಲ. ಕಾರಣ ಸರಳ, ಕೋಳಿಯ ದುಡ್ಡು ಹೆಂಗಸರ ದುಡ್ಡು. ತತ್ತಿ ಮಾರಿದ್ದು ಹುಡುಗರ ವಹಿ-ಪೆನ್ನಿಗೆ, ಹುಂಜ ಮಾರಿದ್ದು ದವಾಖಾನೆಗೆ, ತವರಿಗೆ ಹೋಗುವ ಬಸ್ಸಿನ ಖರ್ಚಿಗೆ. ಅದು ಸೊಸೈಟಿಯ ಲೆಕ್ಕದಲ್ಲಿ ಬರುವುದಿಲ್ಲ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲೂ ಕಾಣುವುದಿಲ್ಲ. ಹಾಗಂತ ಅದು ಸಣ್ಣದೇನಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹಿತ್ತಲ ಕೋಳಿಗಳು ಸುಮಾರು 31.7 ಕೋಟಿ. 2012ರ ಗಣತಿಗಿಂತ ಶೇಕಡಾ 46ರಷ್ಟು ಹೆಚ್ಚು. ಒಂದು ಹೇಂಟೆ 21 ದಿನ ಕಾವು ಕೂತು ಹತ್ತು-ಹನ್ನೆರಡು ಮರಿ ಎಬ್ಬಿಸುತ್ತದೆ. ಅವುಗಳಲ್ಲಿ ಎಂಟು ಉಳಿಯುತ್ತವೋ ಮೂರು ಉಳಿಯುತ್ತವೋ ಎಂಬುದರ ಮೇಲೆ ಆ ಮನೆಯ ದೀಪಾವಳಿ ನಿಂತಿರುತ್ತದೆ.

ಔಷಧದಂಗಡಿಯ ಮುಂದೆ ನಡೆಯುವುದು

ಸಂತೆಗೆ ಬಂದ ಅಕ್ಕ ಮೆಡಿಕಲ್‌ನವರ ಮುಂದೆ ನಿಂತು, ತನಗೆ ಬಂದಷ್ಟು ಮರಾಠಿಯಲ್ಲಿ ‘ಕೋಂಬಡೀಚ್ಯಾ ಪಿಲಾಂನಾ ಜುಲಾಬ ಲಾಗಲೇತ’ ಅಂತಾಳೆ. ಮರಿಗೆ ಜುಲಾಬು ಹತ್ತಿದೆ, ಅಷ್ಟೇ. ರಕ್ತ ಬೀಳುತ್ತಿದೆ ಎಂಬುದು ಬಾಯಿಗೆ ಬರುವುದಿಲ್ಲ. ಮರಿಗೆ ಎಷ್ಟು ವಾರ ಎಂದು ಅವನೂ ಕೇಳುವುದಿಲ್ಲ. ‘ಹೇ ಪಾಣ್ಯಾತ ಘಾಲಾ, ಮಾವಶೀ’ ಎಂದು ಒಂದು ಬಾಟಲಿ ಮುಂದಿಡುತ್ತಾನೆ. ಬಹಳ ಸಲ ಅದು ಎನ್ರೋಫ್ಲಾಕ್ಸಾಸಿನ್. ಒಳ್ಳೆಯ ಆ್ಯಂಟಿಬಯೋಟಿಕ್ಕೇ, ಬ್ಯಾಕ್ಟೀರಿಯಾದಿಂದ ಬಂದ ರೋಗಕ್ಕೆ. ಆದರೆ ರಕ್ತಭೇದಿ ಬ್ಯಾಕ್ಟೀರಿಯಾದಿಂದ ಬರುವುದಲ್ಲ. ಐಮೇರಿಯಾ ಎಂಬ ಒಂದೇ ಕೋಶದ ಪರೋಪಜೀವಿ ಮರಿಯ ಕರುಳಿನ ಒಳಪದರದಲ್ಲಿ ಸೇರಿಕೊಂಡು, ಅದನ್ನೇ ಒಡೆದುಕೊಂಡು ಬೆಳೆಯುತ್ತದೆ. ಆ ಬಾಟಲಿಯಿಂದ ಅದಕ್ಕೆ ಏನೂ ಆಗುವುದಿಲ್ಲ. ಎರಡು ದಿನ ಹೋಗುತ್ತವೆ, ದುಡ್ಡು ಹೋಗುತ್ತದೆ, ಮರಿಯೂ ಹೋಗುತ್ತದೆ. ‘ಇಂಗ್ಲಿಷ್ ಔಷಧನೂ ನಡೀಲಿಲ್ರಿ’ ಎಂಬ ಮಾತು ಮಾತ್ರ ಓಣಿಯಲ್ಲಿ ಉಳಿಯುತ್ತದೆ.

ಮನುಷ್ಯರ ಟೆಟ್ರಾಸೈಕ್ಲಿನ್ ಮಾತ್ರೆ ಒಡೆದು ನೀರಿಗೆ ಹಾಕುವ ಮನೆಗಳೂ ಇವೆ. ಅದರ ಕಥೆಯೂ ಅಷ್ಟೇ. ಇಂಥ ಅಂದಾಜಿನ ಬಳಕೆಯಿಂದ ಔಷಧಗಳೇ ಶಕ್ತಿ ಕಳೆದುಕೊಳ್ಳುತ್ತಿವೆ ಎಂಬ ಭಯಕ್ಕೇ ಕೇಂದ್ರ ಸರಕಾರ 2019ರಲ್ಲಿ ಕೋಳಿ ಮತ್ತು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ಮಾರುವುದನ್ನು ನಿಷೇಧಿಸಿತು.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ವಯಸ್ಸು ಮತ್ತು ಹಿಕ್ಕಿ, ಇವೆರಡನ್ನು ನೋಡಬೇಕು. ಮೊಟ್ಟೆಯೊಡೆದ ಎರಡು ವಾರದೊಳಗೆ ಬಿಳಿ ಹಿಕ್ಕಿ ಹಾಕಿ, ಹಿಂಬದಿಗೆ ಅಂಟಿಕೊಂಡು ಸತ್ತರೆ ಅದು ಬಹುಶಃ ಬ್ಯಾಕ್ಟೀರಿಯಾದ ಬಿಳಿ ಭೇದಿ. ಮೂರರಿಂದ ಆರು ವಾರದ ಮರಿ ಪುಕ್ಕ ಕೆದರಿ, ಕಣ್ಣು ಮುಚ್ಚಿ, ಮೇವು ಬಿಟ್ಟು, ಕೆಂಪು ಅಥವಾ ಕಂದು ಲೋಳೆ ಹಾಕಿದರೆ ರಕ್ತಭೇದಿಯ ಸಂಶಯ ಮೊದಲು ಬರಬೇಕು. ಹಸಿರು ನೀರಿನಂಥ ಹಿಕ್ಕಿ, ಬಾಯಿ ತೆರೆದು ಉಸಿರಾಟ, ಕುತ್ತಿಗೆ ತಿರುಚುವುದು, ದೊಡ್ಡ ಕೋಳಿಗಳೂ ಸಾಯುವುದು ಕಂಡರೆ ಅದು ಕೊಕ್ಕರೆ ರೋಗ, ಮರಾಠಿಯವರ ಮಾನಮೋಡಿ. ಅದಕ್ಕೆ ಲಸಿಕೆ ಉಂಟು, ಔಷಧವಿಲ್ಲ. ಇನ್ನು ದೊಡ್ಡ ಕೋಳಿ, ಕಾಗೆ ಎಲ್ಲ ಒಮ್ಮೆಲೇ ಸಾಯತೊಡಗಿದರೆ ಮುಟ್ಟದೆ ದವಾಖಾನೆಗೆ ಸುದ್ದಿ ಮುಟ್ಟಿಸಬೇಕು. 2006ರಲ್ಲಿ ದೇಶದ ಮೊದಲ ಹಕ್ಕಿಜ್ವರ ಕಂಡಿದ್ದು ಇದೇ ಮಹಾರಾಷ್ಟ್ರದ ನವಾಪುರದಲ್ಲಿ.

ರಕ್ತಭೇದಿಯಲ್ಲಿ ಪ್ರತಿಸಲ ರಕ್ತ ಕಾಣಲೇಬೇಕೆಂದಿಲ್ಲ, ಅದನ್ನೂ ಹೇಳಬೇಕು. ಕೋಳಿಗೆ ಬರುವ ಐಮೇರಿಯಾದಲ್ಲಿ ಹಲವು ಜಾತಿಗಳಿವೆ. ರಕ್ತ ಸುರಿಸುವುದು ಮುಖ್ಯವಾಗಿ ಕುರುಡು ಕರುಳಿಗೆ ಹತ್ತುವ ಟೆನೆಲ್ಲಾ. ಉಳಿದ ಕೆಲವುಗಳಲ್ಲಿ ನೀರು-ಲೋಳೆ ಅಷ್ಟೇ, ಮರಿ ಸೊರಗುತ್ತ ಹೋಗುತ್ತದೆ. ಆದ್ದರಿಂದ ಪಕ್ಕಾ ಮಾಡಿಕೊಳ್ಳಬೇಕೆಂದರೆ ಸತ್ತ ಮರಿಯನ್ನು ಆವತ್ತೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪಶು ದವಾಖಾನೆಗೆ ಒಯ್ಯಬೇಕು. ಹೊಟ್ಟೆ ಕೊಯ್ದು ನೋಡಿದರೆ ಎರಡು ಕುರುಡು ಕರುಳು ರಕ್ತ ತುಂಬಿ ಉಬ್ಬಿರುವುದು ಬರಿಗಣ್ಣಿಗೇ ಕಾಣುತ್ತದೆ. ಇಲ್ಲವಾದರೆ ಒಂದು ಚಿಟಿಕೆ ಹಿಕ್ಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಸಾಕು. ಪುಣೆಯ ಪ್ರಯೋಗಶಾಲೆಯವರೆಗೆ ಹೋಗುವ ಕೆಲಸವಲ್ಲ ಇದು. ‘ಸತ್ತ ಕೋಳಿ ಹಿಡ್ಕೊಂಡ ಬಸ್ಸಿನ್ಯಾಗ ಹ್ಯಾಂಗ ಹೋಗೂದ್ರಿ’ ಎಂಬ ಹಿಂಜರಿಕೆ ಸಹಜ. ಆದರೂ ಆ ಒಂದು ಸತ್ತ ಮರಿ ಉಳಿದ ಹನ್ನೊಂದರ ಜೀವ ಉಳಿಸಬಲ್ಲದು.

ಬರಗಾಲದ ತಾಲೂಕಿನಲ್ಲಿ ಹಸಿಯ ರೋಗ

ಜತ್ತ, ಅಕ್ಕಲಕೋಟ ಎಂದರೆ ಬರಕ್ಕೆ ಹೆಸರಾದ ಸೀಮೆ. ಇಲ್ಲಿಯ ಮರಿಗಳು ಹಸಿಯ ರೋಗದಿಂದ ಸಾಯುವುದು ವಿಚಿತ್ರ ಅನಿಸಬಹುದು. ಮಳೆ ಕಡಿಮೆ ಇದ್ದರೂ ಪ್ರತಿ ಹಿತ್ತಲಲ್ಲಿ ಒಂದು ಹಸಿ ಜಾಗ ಇದ್ದೇ ಇರುತ್ತದೆ. ಬಚ್ಚಲ ನೀರು ಹರಿಯುವ ಕಡೆ, ದನ ಕಟ್ಟುವ ಕಡೆ, ಕೊಡಪಾನ ತೊಳೆಯುವ ಕಡೆ. ಮರಿಗಳು ಹುಳ ಹೆಕ್ಕಲು ಹೋಗುವುದೂ ಅಲ್ಲಿಗೇ.

ರೋಗ ನಡೆಯುವ ರೀತಿ ತಿಳಿದರೆ ಅರ್ಧ ಕೆಲಸ ಆದಂತೆ. ರೋಗ ಹತ್ತಿದ ಮರಿಯ ಹಿಕ್ಕಿಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ಕೋಶಗಳು ಹೊರಬೀಳುತ್ತವೆ. ಊಸಿಸ್ಟ್ ಎನ್ನುವುದು ಪುಸ್ತಕದ ಹೆಸರು, ಮನೆಮಾತಿನಲ್ಲಿ ರೋಗದ ಬೀಜ ಎಂದರೂ ನಡೆದೀತು. ಹೊರಬಿದ್ದ ಗಳಿಗೆಗೆ ಅದು ಇನ್ನೊಂದು ಮರಿಗೆ ಹತ್ತುವುದಿಲ್ಲ. ಹಸಿ, ಬೆಚ್ಚಗು, ಗಾಳಿ ಮೂರೂ ಸಿಕ್ಕರೆ ಒಂದೆರಡು ದಿನದಲ್ಲಿ ಹಣ್ಣಾಗುತ್ತದೆ. ಆಮೇಲೆ ಮೇವಿನ ಜೊತೆ, ನೀರಿನ ಜೊತೆ ಹೊಟ್ಟೆಗೆ ಹೋದರೆ ನಾಲ್ಕೈದು ದಿನಕ್ಕೆ ರಕ್ತ. ಅಂದರೆ ಇವತ್ತಿನ ಹಿಕ್ಕಿ ಇವತ್ತೇ ಗುಡಿಸಿ ತೆಗೆದರೆ ರೋಗದ ಸರಪಳಿ ಅಲ್ಲೇ ತುಂಡಾಗುತ್ತದೆ. ವಾರಕ್ಕೊಮ್ಮೆ ಗೂಡು ಬಳಿಯುವ ಮನೆಗೂ ದಿನಾ ಬಳಿಯುವ ಮನೆಗೂ ಇರುವ ಅಂತರ ಇದೇ.

ದೊಡ್ಡ ಕೋಳಿಗಳಿಗೆ ಈ ರೋಗ ಮೊದಲೇ ಸ್ವಲ್ಪಸ್ವಲ್ಪ ಹತ್ತಿ ಮೈಗೂಡಿರುತ್ತದೆ. ಅವು ಸಾಯುವುದಿಲ್ಲ, ಆದರೆ ಹಿಕ್ಕಿಯಲ್ಲಿ ಬೀಜ ಹಾಕುತ್ತಲೇ ಇರುತ್ತವೆ. ಅದಕ್ಕೇ ಹಳೆ ಗೂಡಿನಲ್ಲಿ, ಹಳೆ ಕೋಳಿಗಳ ನಡುವೆ ಹೊಸ ಮರಿ ಬಿಡಬಾರದು. ಫಿನಾಯಿಲ್ ಸುರಿದರೆ ಬೀಜ ಸಾಯುತ್ತದೆ ಎಂಬುದು ಸುಳ್ಳು ಭರವಸೆ. ಅದರ ಕವಚ ಬಹಳ ಗಟ್ಟಿ. ಕುದಿಯುವ ನೀರು ಮತ್ತು ಬಿಸಿಲು, ಇವಕ್ಕೆ ಅದು ಹೆದರುತ್ತದೆ. ಬಿಸಿಲಿಗೆ ಈ ಸೀಮೆಯಲ್ಲಿ ಬರವಿಲ್ಲ.

ಹಿರಿಯರ ಪದ್ಧತಿಯನ್ನು ಇಲ್ಲಿ ನೆನೆಯಬೇಕು. ಮರಿ ಎಬ್ಬಿಸಿದ ಹೇಂಟೆಯನ್ನು ಬುಟ್ಟಿಯ ಕೆಳಗೆ ಡಬ್ಬು ಹಾಕಿ, ದಿನಕ್ಕೊಂದು ಒಣ ಜಾಗಕ್ಕೆ ಸರಿಸುತ್ತಿದ್ದರು. ಒಲೆಯ ಬೂದಿ ಹರಡುತ್ತಿದ್ದರು. ಬೂದಿ ರೋಗ ಕೊಲ್ಲುತ್ತದೆ ಎಂದು ಅತ್ತೆ ಹೇಳಿದ್ದು ಪೂರ್ತಿ ನಿಜವಲ್ಲದಿರಬಹುದು, ಆದರೆ ಬೂದಿ ನೆಲವನ್ನು ಒಣಗಿಸುತ್ತದೆ. ಆ ಲೆಕ್ಕದಲ್ಲಿ ಅತ್ತೆಯದೇ ಸರಿ. ಗ್ಯಾಸು ಬಂದ ಮೇಲೆ ಬೂದಿ ಹೋಯಿತು, ಸಿಮೆಂಟ್ ಚೀಲ, ರಟ್ಟಿನ ಡಬ್ಬಿ ಬಂದವು. ಗಾಡಿಯವರಿಂದ ಗಿರಿರಾಜ, ವನರಾಜ ಎಂದು ಕೊಂಡ ತಾಯಿಯಿಲ್ಲದ ಮರಿಗಳನ್ನು ಆ ಡಬ್ಬಿಯಲ್ಲೇ ಇಟ್ಟು, ಅದರಲ್ಲೇ ನೀರಿಟ್ಟು, ನೀರು ಚೆಲ್ಲಿ ರಟ್ಟು ಮೆತ್ತಗಾದ ಮೇಲೂ ಬದಲಿಸದ ಮನೆಗಳಿವೆ. ಅದಕ್ಕಿಂತ ಒಳ್ಳೆಯ ತೊಟ್ಟಿಲು ಈ ರೋಗಕ್ಕೆ ಸಿಗಲಿಕ್ಕಿಲ್ಲ. ಸೇಂಗಾ ಹೊಟ್ಟು ಅಥವಾ ಕಟ್ಟಿಗೆ ಹೊಟ್ಟು ಎರಡು ಬೆರಳು ದಪ್ಪ ಹಾಸಿ, ಒದ್ದೆಯಾದದ್ದನ್ನು ಆವತ್ತೇ ತೆಗೆದು ಒಣದು ಹಾಕಬೇಕು. ನೀರಿನ ತಟ್ಟೆಯನ್ನು ಮರಿಯ ಬೆನ್ನಿನ ಎತ್ತರಕ್ಕೆ ಇಟ್ಟಿಗೆಯ ಮೇಲೆ ಇಟ್ಟರೆ ಹಿಕ್ಕಿ ಬೀಳುವುದೂ ಕಡಿಮೆ, ನೀರು ಚೆಲ್ಲುವುದೂ ಕಡಿಮೆ.

ಇನ್ನು ಅರಿಷಿಣ, ಬೆಳ್ಳುಳ್ಳಿ, ಮಜ್ಜಿಗೆ. ಮಾಡುವವರನ್ನು ಬೈಯಬೇಕಾಗಿಲ್ಲ. ಆದರೆ ರಕ್ತ ಕಂಡ ಮೇಲೆ ಮರಿಗೆ ಉಳಿಯುವುದು ಒಂದೆರಡು ದಿನ. ಆ ಎರಡು ದಿನವನ್ನು ಅರಿಷಿಣದ ಪರೀಕ್ಷೆಗೆ ಕೊಡುವುದು ದುಬಾರಿ.

ಒಂದು ಪಾಕೀಟು, ಹತ್ತು ಮನೆ

ಈ ರೋಗಕ್ಕೆ ಹಳೆಯ, ಬಹಳ ಕಾಲದಿಂದ ಬಳಕೆಯಲ್ಲಿರುವ ಔಷಧ ಆ್ಯಂಪ್ರೋಲಿಯಂ. ಶೇಕಡಾ 20ರ ಪುಡಿಯಾದರೆ ಒಂದು ಲೀಟರ್ ಕುಡಿಯುವ ನೀರಿಗೆ 1.2 ಗ್ರಾಂ, ಐದು ದಿನ. ಆಮೇಲೆ ಅದರ ಕಾಲು ಭಾಗ, ಅಂದರೆ 0.3 ಗ್ರಾಂ, ಒಂದು ವಾರ. ಪುಡಿಯ ಶೇಕಡಾವಾರು ಕಂಪನಿಗೆ ತಕ್ಕಂತೆ ಬೇರೆ ಇರುತ್ತದೆ, ಆದ್ದರಿಂದ ಪಾಕೀಟು ತೋರಿಸಿ ಡಾಕ್ಟರರಿಂದ ಪ್ರಮಾಣ ಬರೆಸಿಕೊಳ್ಳಬೇಕು. ಟಾಲ್ಟ್ರಾಜುರಿಲ್ ಎಂಬ ದ್ರವ ಔಷಧವೂ ಇದೆ, ಎರಡೇ ದಿನದ್ದು. ಸಲ್ಫಾ ಔಷಧಗಳೂ ಕೆಲಸ ಮಾಡುತ್ತವೆ, ಆದರೆ ಕೈ ಜಾಸ್ತಿಯಾದರೆ ಅವೇ ರಕ್ತಸ್ರಾವ ತರುತ್ತವೆ, ತತ್ತಿ ಇಡುವ ಕೋಳಿಗೆ ಕೂಡದು. ಅಂದಾಜಿನ ಕೈಗೆ ಅವು ಒಳ್ಳೆಯವಲ್ಲ.

ಔಷಧವನ್ನು ನೀರಿನಲ್ಲೇ ಕೊಡಲು ಕಾರಣವಿದೆ. ರೋಗದ ಮರಿ ಮೇವು ಬಿಡುತ್ತದೆ, ನೀರು ಬಿಡುವುದಿಲ್ಲ. ಆದರೆ ಅದು ಆ ನೀರನ್ನೇ ಕುಡಿಯಬೇಕು. ತಟ್ಟೆಯಲ್ಲಿ ಔಷಧ ಇಟ್ಟು ಮರಿಗಳನ್ನು ಹಿತ್ತಲಿಗೆ ಬಿಟ್ಟರೆ ಅವು ಬಚ್ಚಲ ನೀರು ಕುಡಿದು ಬರುತ್ತವೆ. ಐದು ದಿನ ಬುಟ್ಟಿಯ ಕೆಳಗೆ ಕೂಡಿಹಾಕಬೇಕು, ದಿನಾ ಹೊಸ ನೀರಿಗೆ ಹೊಸ ಪುಡಿ ಕಲಸಬೇಕು. ಮಲಗಿದ ಮರಿಗೆ ಮಾತ್ರವಲ್ಲ, ಇಡೀ ಗುಂಪಿಗೇ. ಒಂದರ ಹಿಕ್ಕಿಯಲ್ಲಿ ರಕ್ತ ಕಂಡ ದಿನ ಉಳಿದವುಗಳ ಹೊಟ್ಟೆಯಲ್ಲೂ ಬೀಜ ಹೋಗಿರುತ್ತದೆ.

ಅಂಗಡಿಗಳಲ್ಲಿ ಆಗುವ ಇನ್ನೊಂದು ತಪ್ಪು, ಇದರ ಜೊತೆಗೇ ಬಿ-ಕಾಂಪ್ಲೆಕ್ಸ್ ಟಾನಿಕ್ ಕೊಡುವುದು. ಆ್ಯಂಪ್ರೋಲಿಯಂ ನೋಡಲು ಬಿ-1 ಜೀವಸತ್ವದಂತೆಯೇ ಇರುತ್ತದೆ. ಪರೋಪಜೀವಿ ಅದನ್ನು ಬಿ-1 ಎಂದು ತಿಳಿದು ಒಳಗೆ ತೆಗೆದುಕೊಂಡು ನಿಜವಾದ ಬಿ-1 ಇಲ್ಲದೆ ಸಾಯುತ್ತದೆ. ಅದೇ ಹೊತ್ತಿಗೆ ನೀರಿನಲ್ಲಿ ಬಿ-1 ಸುರಿದರೆ ಶತ್ರುವಿಗೇ ಊಟ ಬಡಿಸಿದಂತೆ. ಟಾನಿಕ್ ಬೇಕಿದ್ದರೆ ಔಷಧದ ದಿನಗಳು ಮುಗಿದ ಮೇಲೆ ಕೊಡಬಹುದು.

ಈಗ ಲೆಕ್ಕಕ್ಕೆ ಬರೋಣ. ನಾಲ್ಕು ವಾರದ ಹತ್ತು ಮರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಲೀಟರ್ ನೀರು. ಐದು ದಿನಕ್ಕೆ 6 ಗ್ರಾಂ, ಮುಂದಿನ ವಾರಕ್ಕೆ ಎರಡು ಗ್ರಾಂ ಚಿಲ್ಲರೆ. ಒಂದು ಮನೆಗೆ ಬೇಕಾದದ್ದು ಒಟ್ಟು 8-9 ಗ್ರಾಂ ಪುಡಿ. ಅಂಗಡಿಯಲ್ಲಿ ಸಿಗುವುದು 100 ಗ್ರಾಂ ಪಾಕೀಟು. ಹತ್ತು ಮರಿಗಾಗಿ ಯಾರು ಅಷ್ಟು ಕೊಳ್ಳುತ್ತಾರೆ? ಕೊಂಡರೂ ಉಳಿದದ್ದು ಮಾಡಿನಲ್ಲಿ ಗಡ್ಡೆ ಕಟ್ಟಿ ಹಾಳಾಗುತ್ತದೆ. ಇನ್ನು 1.2 ಗ್ರಾಂ ತೂಗುವ ತಕ್ಕಡಿ ಯಾವ ಅಡುಗೆಮನೆಯಲ್ಲಿದೆ? ಔಷಧ ಇದ್ದೂ ಇಲ್ಲದಂತಾಗುವುದು ಈ ಸಂಧಿಯಲ್ಲಿ.

ಇದಕ್ಕೆ ಯೋಜನೆ, ಅನುದಾನ ಏನೂ ಬೇಕಿಲ್ಲ. ಪ್ರತಿ ಊರಲ್ಲಿ ಈಗ ಹೆಂಗಸರ ಬಚತ್ ಗಟಗಳಿವೆ. ಮಿರಗದ ಮುಂಚೆ ಒಂದು ಗಟ ಒಂದು ಪಾಕೀಟು ತಂದು, ದವಾಖಾನೆಯವರಿಂದ ಒಮ್ಮೆ ತೂಗಿಸಿ ಒಂದು ಲೀಟರಿನ ಪುಡಿಕೆಗಳಾಗಿ ಕಟ್ಟಿಸಿಕೊಂಡು ಒಣ ಡಬ್ಬಿಯಲ್ಲಿ ಇಟ್ಟುಕೊಂಡರೆ ಹತ್ತು ಮನೆಯ ಮರಿಗೆ ಸಾಕು. ದವಾಖಾನೆಗಳೇ ಹೀಗೆ ಪುಡಿಕೆ ಕಟ್ಟಿ ಕೊಟ್ಟರೆ ಇನ್ನೂ ಚೆಲೋ. ಎಮ್ಮೆಗೆ ಔಷಧ ಅಳೆದು ಕೊಡುವ ಕೈಗೆ ಇದು ಭಾರವಲ್ಲ.

ಕಾಗದ ಯಾವ ಭಾಷೆಯದು

ಉಳಿದದ್ದು ಮಾಹಿತಿಯ ಮಾತು. ಮಹಾರಾಷ್ಟ್ರದ ಪಶುಸಂವರ್ಧನ ಖಾತೆಯ ಕಾಗದ ಮರಾಠಿಯಲ್ಲಿ, ಔಷಧದ ಪಾಕೀಟಿನ ಬರಹ ಇಂಗ್ಲಿಷಿನಲ್ಲಿ. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದಿಂದ ಹಿಡಿದು ಕರ್ನಾಟಕದ ಇಲಾಖೆಯವರೆಗೆ ಕನ್ನಡದಲ್ಲಿ ಬರೆಯುವವರಿದ್ದಾರೆ, ಆದರೆ ಆ ಕಾಗದ ಕರ್ನಾಟಕದ ರೈತನಿಗೆ. ಉಮದಿಯಿಂದ ಸಾಂಗ್ಲಿಗಿಂತ ವಿಜಯಪುರ ಹತ್ತಿರ. ಆದರೂ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದ ಹೆಣ್ಣುಮಗಳ ಕೈಗೆ ಎರಡೂ ಕಡೆಯ ಕಾಗದ ಬರುವುದಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಿರಲಿ. ಗಡಿಯ ದವಾಖಾನೆಗಳಲ್ಲಿ ಕನ್ನಡ ಮಾತಾಡುವ ಡಾಕ್ಟರರು ಇದ್ದಾರೆ, ಕನ್ನಡ ಬಾರದವರೂ ಸಿಬ್ಬಂದಿಯ ಸಹಾಯದಿಂದ ಸುಧಾರಿಸುತ್ತಾರೆ. ತಕರಾರು ಅವರ ಮೇಲಲ್ಲ, ಮರಾಠಿಯ ಮೇಲಂತೂ ಅಲ್ಲವೇ ಅಲ್ಲ. ಮರಾಠಿ ಇಲ್ಲಿಯ ಮನೆಯ ಎರಡನೆಯ ಮಾತು, ಎಷ್ಟೋ ಮನೆಯ ಸೊಸೆಯಂದಿರ ಮೊದಲ ಮಾತು. ಆದರೆ ಬಾಯಿಮಾತು ಡಾಕ್ಟರು ಬದಲಾದ ದಿನ ಬದಲಾಗುತ್ತದೆ. 1.2 ಗ್ರಾಂ, ಐದು ದಿನ, ಬಿ-ಕಾಂಪ್ಲೆಕ್ಸ್ ಬೇಡ, ಇಂಥವು ಕಾಗದದ ಮೇಲೆ ಇರಬೇಕು. ಸ್ಥಳೀಯ ಜನಸಂಖ್ಯೆಯ ಶೇಕಡಾ 15 ಅಥವಾ ಅದಕ್ಕಿಂತ ಹೆಚ್ಚು ಭಾಷಾ ಅಲ್ಪಸಂಖ್ಯಾತರು ಇರುವ ಕಡೆ ಮಹತ್ವದ ಸೂಚನೆಗಳನ್ನು ಅವರ ಭಾಷೆಯಲ್ಲೂ ಪ್ರಕಟಿಸಬೇಕು ಎಂಬುದು ಭಾಷಾ ಅಲ್ಪಸಂಖ್ಯಾತರಿಗೆ ದೇಶ ಒಪ್ಪಿಕೊಂಡ ರಕ್ಷಣೆಗಳಲ್ಲಿ ಒಂದು. ಜತ್ತದ ಪೂರ್ವ ಭಾಗದಲ್ಲಿ, ಅಕ್ಕಲಕೋಟದಲ್ಲಿ ಕನ್ನಡಿಗರು ಆ ಲೆಕ್ಕವನ್ನು ಎಂದೋ ದಾಟಿದ್ದಾರೆ. ಆದರೂ ಗಡಿಯ ಹೋರಾಟದ ಸಭೆಗಳಲ್ಲಿ ಶಾಲೆ, ನೌಕರಿ, ಬಸ್ಸಿನ ಫಲಕದ ಮಾತು ಬರುತ್ತದೆಯೇ ಹೊರತು ಪಶು ದವಾಖಾನೆಯ ಗೋಡೆಯ ಮಾತು ಯಾರೂ ಎತ್ತುವುದಿಲ್ಲ. ಸಭೆಯಲ್ಲಿ ಕೂತವರು ಗಂಡಸರು, ಕೋಳಿ ಸಾಕುವವರು ಹೆಂಗಸರು, ಅದೂ ಒಂದು ಕಾರಣವಿದ್ದೀತು.

ಬೇಕಿರುವುದು ಒಂದು ಹಾಳೆ. ಮೇಲೆ ರಕ್ತಭೇದಿ ಎಂದೂ ಅದರ ಕೆಳಗೆ ರಕ್ತೀ ಹಗವಣ ಎಂದೂ ಎರಡೂ ಹೆಸರು ಇರಲಿ, ಮೆಡಿಕಲ್‌ನವನಿಗೆ ತೋರಿಸಲು ಅನುಕೂಲ. ಔಷಧದ ಹೆಸರು ಕನ್ನಡದಲ್ಲಿ, ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಇರಲಿ. ಬಿಳಿ, ಕೆಂಪು, ಹಸಿರು ಹಿಕ್ಕಿಯ ಚಿತ್ರ ಇರಲಿ. ಸಾಂಗ್ಲಿ ಮತ್ತು ಸೋಲಾಪುರ ಜಿಲ್ಲಾ ಪರಿಷತ್ತುಗಳು ಇದನ್ನು ಮುಂದಿನ ಮಿರಗದೊಳಗೆ ಅಚ್ಚು ಹಾಕಿಸಿ ದವಾಖಾನೆಯ ಬಾಗಿಲಿಗೆ, ಔಷಧದಂಗಡಿಯ ಗಾಜಿಗೆ ಅಂಟಿಸಬೇಕು. ಉಳಿದ ಪ್ರತಿಗಳನ್ನು ಕನ್ನಡ ಶಾಲೆಗಳಿಗೆ ಕಳಿಸಿದರೆ ಹುಡುಗರು ಮನೆಗೆ ಒಯ್ಯುತ್ತಾರೆ, ಓದಲು ಬಾರದ ಅವ್ವನಿಗೆ ಓದಿ ಹೇಳುತ್ತಾರೆ. ಅಲ್ಲಿಯವರೆಗೆ ಸಂತೆಗೆ ಹೋಗುವ ಅಕ್ಕ ಒಂದು ಚೀಟಿಯಲ್ಲಿ ‘ನಾಲ್ಕು ವಾರದ ಮರಿ, ಹಿಕ್ಕಿಯಲ್ಲಿ ರಕ್ತ, ಆ್ಯಂಪ್ರೋಲಿಯಂ ಇದೆಯೇ’ ಎಂದು ಮಗಳ ಕೈಲಿ ಮರಾಠಿಯಲ್ಲಿ ಬರೆಸಿಕೊಂಡು ಹೋಗುವುದು ಒಳ್ಳೆಯದು.